ಪಸಿತಾ ಕಡ ಕೊಟ್ಟ ಬೆರಳು

ಪುಂತಾದ ಹೆಂಗಸರು ಪಸಿತಾಳ ಕೈ ನೋಡಿದಾಗಲೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಕಡಲ ದಂಡೆಯ ಆ ಊರಿನಲ್ಲಿ ಹೆಣ್ಣಾಗಿ ಹುಟ್ಟಿದವಳು ಏಳನೆಯ ವಯಸ್ಸಿಗೇ ಚಾಕು ಹಿಡಿದು ಮೀನು ಸೀಳಬೇಕು, ಉಪ್ಪು ಸವರಬೇಕು, ಬಿದಿರು ತಟ್ಟಿಯ ಮೇಲೆ ಬಿಸಿಲಿಗೆ ಹರವಬೇಕು. ಐವತ್ತು ದಾಟುವ ಹೊತ್ತಿಗೆ ಬೆರಳ ತುದಿಯ ಗೆರೆಗಳನ್ನೆಲ್ಲ ಉಪ್ಪು ತಿಂದು ಮುಗಿಸಿರುತ್ತದೆ. ಪಸಿತಾ ಮಾತ್ರ ಅರವತ್ತಮೂರು ವರ್ಷದಲ್ಲಿ ಒಂದು ಮೀನನ್ನೂ ಸೀಳಿದವಳಲ್ಲ. ಅವಳದು ಪ್ರಾರ್ಥನೆ ಹೇಳಿಸುವ ಕಸುಬು. ಸತ್ತವರ ಮನೆಯಲ್ಲಿ ಒಂಬತ್ತು ಸಂಜೆ ಜಪಮಾಲೆ ಹಿಡಿದು ಮುಂದೆ ಕೂತು ಅವಳು ಹೇಳುವುದು, ಹಿಂದೆ ಕೂತವರು ಗೊಣಗುವುದು, ಆಮೇಲೆ ಊಟ, ಹೊರಡುವಾಗ ಕೈಗೊಂದು ಪೊಟ್ಟಣ. ಮನೆಯಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು ಎಲ್ಲ ಗಂಡ ಅಂಬೋನ ಪಾಲು. ದೋಣಿಯ ಬಿರುಕಿಗೆ ಅಂಟು ಮೆತ್ತುವ ತನ್ನ ಕೆಲಸ ಮುಗಿಸಿ ಬಂದು ಅವನು ಅದನ್ನೆಲ್ಲ ಸಿಳ್ಳೆ ಹಾಕಿಕೊಂಡು ಮಾಡುತ್ತಿದ್ದ.

"ದೇವರ ಮಾಲೆ ಹಿಡಿಯೋ ಕೈ ಮೀನಿನ ವಾಸನೆ ಹೊಡೀಬಾರದು," ಎಂದು ಪಸಿತಾ ಕಾರಣ ಕೊಡುತ್ತಿದ್ದಳು.

"ಮೀನು ತಿನ್ನೋವಾಗ ಯಾವ ಕೈ ಉಪಯೋಗಿಸ್ತೀಯಮ್ಮ?" ಎಂದು ಪಕ್ಕದ ಮನೆಯ ಸೆಪಾ ಕೇಳುತ್ತಿದ್ದಳು. ಸೆಪಾಳ ನಾಲಿಗೆ ಅವಳ ಚಾಕುವಿಗಿಂತ ಚೂಪು.

ಅಂಥ ಪಸಿತಾಳಿಗೆ ಮೂರು ವರ್ಷದಿಂದ ಒಂದೇ ಕೊರಗು. ಹಿಂದಿನ ಚುನಾವಣೆಯಲ್ಲಿ ಅಂಬೋ ಕಪಿತಾನ್, ಅಂದರೆ ಊರಿನ ಮುಖ್ಯಸ್ಥನ ಹುದ್ದೆಗೆ ನಿಂತಿದ್ದ. ಎದುರಾಳಿ ಡೋರೊ. ಅವನು ಆ ಕುರ್ಚಿಯಲ್ಲಿ ಎಷ್ಟು ವರ್ಷದಿಂದ ಕೂತಿದ್ದನೆಂದರೆ ಕುರ್ಚಿಗೇ ಅವನ ಆಕಾರ ಬಂದುಬಿಟ್ಟಿತ್ತು. ಇನ್ನು ಸಾಕು ಎಂದು ಕಾನೂನು ಹೇಳಿದಾಗ ಒಂದು ಸಲ ಹೆಂಡತಿಯನ್ನು ಕೂರಿಸಿ, ಮುಂದಿನ ಸಲ ಮತ್ತೆ ತಾನೇ ಬಂದ ಭೂಪ. ಬಸ್ಸೇ ಬಾರದ ರಸ್ತೆಗೆ ಬಸ್ ನಿಲ್ದಾಣ ಕಟ್ಟಿಸಿ, ನಾಲ್ಕೂ ಕಂಬದ ಮೇಲೆ ತನ್ನ ಮುಖ ಬರೆಸಿದ್ದ. ಎಣಿಕೆ ಮುಗಿದಾಗ ಡೋರೊಗೆ ಇನ್ನೂರೇಳು, ಅಂಬೋಗೆ ಇನ್ನೂರೇಳು. ಸಮ ಬಂದರೆ ನಾಣ್ಯ ಚಿಮ್ಮಬೇಕು ಎಂದು ನಮ್ಮ ದೇಶದ ಕಾನೂನಿನಲ್ಲೇ ಇದೆ. ಐದು ಪೆಸೊ ನಾಣ್ಯ ಮೇಲೆ ಹೋಯಿತು, ಕೆಳಗೆ ಬಂತು, ಡೋರೊ ಇನ್ನೊಂದು ಅವಧಿಗೆ ಕಪಿತಾನ್ ಆದ.

ಅಂದು ಓಟು ಹಾಕದವರ ಪಟ್ಟಿಯಲ್ಲಿ ಪಸಿತಾಳ ಹೆಸರೂ ಇತ್ತು. ಆಕೆ ಕೊಲ್ಲಿಯ ಆಚೆ ದಂಡೆಯಲ್ಲಿ ಒಬ್ಬ ಸಾಹುಕಾರನ ಒಂಬತ್ತನೆಯ ದಿನದ ಪ್ರಾರ್ಥನೆಗೆ ಹೋಗಿದ್ದಳು. ನೀರು ಇಳಿದು ದೋಣಿ ಹೊರಡಲಿಲ್ಲ ಎಂದು ಊರಿಗೆಲ್ಲ ಹೇಳಿದಳು. ನಿಜವೆಂದರೆ ದೋಣಿ ಹೊರಟಿತ್ತು. ಇಡೀ ಹಂದಿಯನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದರು, ಚರ್ಮ ಆಗಷ್ಟೇ ಕೆಂಪಗೆ ಗರಿಗರಿಯಾಗುತ್ತಿತ್ತು, ನನ್ನದೊಂದು ಓಟಿನಿಂದ ಏನಾಗಬೇಕಿದೆ ಎಂದುಕೊಂಡು ಅವಳು ಕೂತೇ ಬಿಟ್ಟಳು.

ಅಂಬೋ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಸೋತು ಮನೆಗೆ ಬಂದವನು ಅವಳ ಕೈಯ ಪೊಟ್ಟಣ ನೋಡಿ, "ಊಟ ಚೆನ್ನಾಗಿತ್ತಾ ಪಸಿ?" ಎಂದು ಕೇಳಿದ. ವ್ಯಂಗ್ಯವೂ ಇರಲಿಲ್ಲ ಆ ದನಿಯಲ್ಲಿ. ಅದೇ ಅವಳ ಎದೆಗೆ ಮುಳ್ಳಾಗಿ ನಿಂತಿತು. ಊರು ಅಂಬೋನಷ್ಟು ಒಳ್ಳೆಯದಲ್ಲವಲ್ಲ, ಎಲ್ಲಿ ಅವಳ ಮುಂದೆ ತಟ್ಟೆ ಇಟ್ಟರೂ ಯಾರಾದರೊಬ್ಬರು, "ಪಸಿತಾ, ಇವತ್ತು ಎಲೆಕ್ಷನ್ ಇಲ್ಲ ತಾನೆ? ಹಾಗಾದ್ರೆ ನಿಧಾನಕ್ಕೆ ತಿನ್ನು," ಎನ್ನುವರು. ಮುಂದಿನ ಸಲ ಅಂಬೋ ಮತ್ತೆ ನಿಲ್ಲುವುದು ಖಾತ್ರಿಯಾಗಿತ್ತು. ಈ ಸಲ ಸಾಕ್ಷಾತ್ ಪೋಪ್ ಸತ್ತು ತನ್ನನ್ನು ಪ್ರಾರ್ಥನೆಗೆ ಕರೆಸಿದರೂ ಓಟು ಹಾಕಿಯೇ ಹೋಗುವುದು ಎಂದು ಪಸಿತಾ ಆಣೆ ಇಟ್ಟುಕೊಂಡಿದ್ದಳು. ಊರಿನ ಚುನಾವಣೆಯಲ್ಲಿ ಚೀಟಿಯ ಖಾಲಿ ಗೆರೆಯ ಮೇಲೆ ಹೆಸರನ್ನು ನಾವೇ ಬರೆಯಬೇಕು. ತನ್ನ ದುಂಡಗಿನ ಅಕ್ಷರದಲ್ಲಿ 'ಅಂಬೋ' ಎಂದು ಬರೆಯುವ ಆ ಒಂದು ಗಳಿಗೆಯನ್ನು ಅವಳು ಜಪ ಮಾಡುವಾಗಲೂ ನೆನೆಯುತ್ತಿದ್ದಳು.

ಅಷ್ಟರಲ್ಲಿ ಬಂತು ನೋಡಿ ಬೆರಳಿನ ಕಾನೂನು.

ಪಟ್ಟಿಯಲ್ಲಿ ಹಿಂದಿನಿಂದ ಹೆಸರಿದ್ದರೂ ಸಾಲದು, ಯಂತ್ರದ ಮುಂದೆ ಕೂತು ಮುಖ, ಸಹಿ, ಬೆರಳಚ್ಚು ಮೂರನ್ನೂ ಕೊಡಬೇಕು, ಕೊಡದವರ ಹೆಸರು ಹೊಡೆದುಹಾಕುತ್ತೇವೆ ಎಂದು ರಾಜಧಾನಿ ಮನಿಲಾದಿಂದ ಅಪ್ಪಣೆಯಾಯಿತು. ಒಂದೇ ಊರಿನಲ್ಲಿ ಹತ್ತು ಹೆಸರಲ್ಲಿ ಓಟು ಹಾಕುವ ಕಳ್ಳರನ್ನು ಹಿಡಿಯಲು ಇದಂತೆ. ಆ ಕಳ್ಳರನ್ನು ಸಾಕುವವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಆದರೆ ಗೊತ್ತಿರುವುದನ್ನು ಹಿಡಿಯುವ ಯಂತ್ರ ಇನ್ನೂ ಬಂದಿರಲಿಲ್ಲ. ಮೂರು ಚಕ್ರದ ಗಾಡಿಯೊಂದು ಮೈಕು ಕಟ್ಟಿಕೊಂಡು, "ಬೆರಳಿಲ್ಲದವರಿಗೆ ಓಟಿಲ್ಲ! ಬೆರಳಿಲ್ಲದವರಿಗೆ ಓಟಿಲ್ಲ!" ಎಂದು ಕೂಗುತ್ತ ವರ್ಷವಿಡೀ ತಿರುಗಿತು. ಗರಗಸದ ಮಿಲ್ಲಿನಲ್ಲಿ ಎರಡು ಬೆರಳು ಕಳೆದುಕೊಂಡಿದ್ದ ಪೆದ್ರೋಂಗ್ ಎನ್ನುವವನು ಅದನ್ನು ಕೇಳಿ ಮೊದಲ ವಾರವೇ ಗಾಬರಿಯಿಂದ ಓಡಿಹೋಗಿ ಹೆಸರು ಬರೆಸಿ ಬಂದ. ಉಳಿದ ನಾವೆಲ್ಲ ಪೂರಾ ಹತ್ತು ಬೆರಳಿನವರು, ಕೊನೆಯ ದಿನದವರೆಗೆ ಕಾದೆವು.

ಕೊನೆಯ ದಿನ ಅಕ್ಟೋಬರ್ ಮೂವತ್ತೊಂದು. ಮಾರನೆಯ ದಿನ ಸಕಲ ಸಂತರ ಹಬ್ಬ, ಎಲ್ಲರೂ ತಮ್ಮ ತಮ್ಮ ಸಮಾಧಿಗಳಿಗೆ ಸುಣ್ಣ ಬಳಿಯುವ ದಿನ. ಬೆಳಗಿನ ಐದಕ್ಕೇ ಪಟ್ಟಣದ ಪುರಭವನದ ಮುಂದೆ ಸಾಲು ರಸ್ತೆ ದಾಟಿತ್ತು. ಸಾಲಿನಲ್ಲಿ ಜನಕ್ಕಿಂತ ಚಪ್ಪಲಿಗಳೇ ಹೆಚ್ಚು. ನಮ್ಮಲ್ಲಿ ಚಪ್ಪಲಿ ಇಟ್ಟು ಹೋದರೆ ಮನುಷ್ಯ ನಿಂತ ಲೆಕ್ಕ. ಸಾಲು ಮುಂದೆ ಸರಿದಾಗ ಇದ್ದವರು ಇಲ್ಲದವರ ಚಪ್ಪಲಿಯನ್ನು ಕಾಲಿನಿಂದ ಒಂದು ಹೆಜ್ಜೆ ಮುಂದೆ ನೂಕುತ್ತಾರೆ. ಚಪ್ಪಲಿಯ ಒಡೆಯರು ಅತ್ತ ಸುಣ್ಣದ ಅಂಗಡಿಯಲ್ಲೋ ಹೂವಿನ ಅಂಗಡಿಯಲ್ಲೋ ಬರಿಗಾಲಲ್ಲಿ ಚೌಕಾಸಿ ಮಾಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಪುಂತಾದವರ ಸರದಿ ಬಂತು. ಯಂತ್ರದ ಮುಂದೆ ಕೂತಿದ್ದವರು ಮಿಸೆಸ್ ಅಬ್ರೆನಿಕಾ. ನಿವೃತ್ತಿಗೆ ಎಂಟು ತಿಂಗಳು ಬಾಕಿ, ಬೆಳಗಿನಿಂದ ಹೊಟ್ಟೆಗೆ ಕಾಫಿ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಅಂಬೋ ಕೂತ. ಫೋಟೋ ಆಯಿತು, ಸಹಿ ಆಯಿತು. ಗಾಜಿನ ಮೇಲೆ ಹೆಬ್ಬೆರಳಿಟ್ಟ. ಕೆಂಪು ದೀಪ ಹತ್ತಿತು.

"ಗಟ್ಟಿಯಾಗಿ ಒತ್ತಿ," ಎಂದರು ಮಿಸೆಸ್ ಅಬ್ರೆನಿಕಾ.

ಗಟ್ಟಿಯಾಗಿ ಒತ್ತಿದ. ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿದ, ಕೆಂಪು. ಹಣೆಯ ಜಿಡ್ಡಿಗೆ ಬೆರಳು ಸವರಿ ಇಟ್ಟರೆ ಬರುತ್ತದೆ ಎಂದು ಯಾರೋ ಹೇಳಿದರು, ತನ್ನ ಹಣೆ ಸಾಲದೆ ಹಿಂದಿನವನ ಹಣೆಗೂ ಸವರಿ ಇಟ್ಟ. ಕೆಂಪು.

"ನಿಮಗೆ ಬೆರಳೇ ಇಲ್ಲ ಅಂತಿದೆ ಇದು."

"ಇಲ್ಲೇ ಕಾಣ್ತಾ ಇದ್ಯಲ್ಲಮ್ಮ?" ಎಂದು ಅಂಬೋ ಕೈ ಎತ್ತಿ ತೋರಿಸಿದ.

"ನಂಗೆ ಕಾಣ್ತದೆ, ಅದಕ್ಕೆ ಕಾಣಲ್ಲ. ಅದಕ್ಕೆ ಕಾಣದ್ದು ನಂಗೆ ಕಾಣ್ತು ಅಂತ ಬರೆಯೋಕೆ ಬೇರೆ ಫಾರಂ ಇದೆ."

"ಅದನ್ನೇ ಕೊಡಿ."

"ಮುಗಿದುಹೋಯ್ತು. ತರಿಸೋಕೆ ಇನ್ನೊಂದು ಫಾರಂ ತುಂಬಬೇಕು. ಅದು ಬಂದೇ ಇಲ್ಲ."

ಹಿಂದೆ ನಾನೂರು ಜನ. ಹೆಸರು ಹೊಡೆದುಹೋದವನು ಓಟು ಹಾಕುವಂತಿಲ್ಲ, ಓಟಿಲ್ಲದವನು ಚುನಾವಣೆಗೆ ನಿಲ್ಲುವಂತಿಲ್ಲ. ಅಂಬೋ ತನ್ನ ಸವೆದ ಬೆರಳನ್ನು ನೋಡಿಕೊಂಡು, ಬೆನ್ನ ಹಿಂದೆ ನಿಂತಿದ್ದ ಹೆಂಡತಿಗೆ ನಗುತ್ತಲೇ ಹೇಳಿದ: "ಮೂವತ್ತೆಂಟು ವರ್ಷ ನಿನ್ನ ಬಟ್ಟೆ ಒಗ್ದಿದೀನಿ ಪಸಿ. ನನ್ನ ಬೆರಳೆಲ್ಲ ನಿನ್ನ ಲಂಗದಲ್ಲೇ ಸವೆದುಹೋಗಿವೆ. ಎರಡು ವಾಪಸ್ ಕೊಡು."

ಅವನು ಹೇಳಿದ್ದು ತಮಾಷೆಗೆ. ಆದರೆ ಪುಂತಾದಲ್ಲಿ 'ಕೊಡು' ಎನ್ನುವುದು ತಮಾಷೆಯ ಮಾತಲ್ಲ. ಉಪ್ಪು, ವಿನೆಗರ್, ದೋಣಿಯ ಹುಟ್ಟು, ಸಾವಿನ ಮನೆಗೆ ಕುರ್ಚಿ, ಹೀಗೆ ಒಬ್ಬರ ಬಳಿ ಇದ್ದು ಇನ್ನೊಬ್ಬರ ಬಳಿ ಇಲ್ಲದ್ದು ಬೇಲಿ ಹಾರಿ ಹೋಗಲೇಬೇಕು. ಮಗಳ ಮದುವೆಯ ಫೋಟೋಗೆಂದು ಹಲ್ಲಿನ ಸೆಟ್ಟನ್ನೇ ಕಡ ಇಸಿದುಕೊಂಡು ಹೋದವರಿದ್ದಾರೆ. ಇದ್ದೂ ಇಲ್ಲವೆಂದವರ ಮನೆಗೆ ಆಮೇಲೆ ಯಾರೂ ಹಾಯುವುದಿಲ್ಲ. ಪಸಿತಾ ಒಂದು ಗಳಿಗೆಯೂ ಯೋಚಿಸಲಿಲ್ಲ. ಅಂಬೋನ ಹೆಗಲ ಮೇಲಿಂದ ತೋಳು ಚಾಚಿ ತನ್ನ ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು.

ಹಸಿರು ದೀಪ ಹತ್ತಿತು. ಅಂಥ ಹಸಿರನ್ನು ಆ ಯಂತ್ರ ಬೆಳಗಿನಿಂದ ತೋರಿಸಿರಲಿಲ್ಲ.

ಮಿಸೆಸ್ ಅಬ್ರೆನಿಕಾ ಪರದೆಯನ್ನು ನೋಡಿದರು, ತೋಳನ್ನು ನೋಡಿದರು, ಬಾಗಿಲಾಚೆಯ ನಾನೂರು ಜನರನ್ನು ನೋಡಿದರು. "ನಾನು ನೋಡಬೇಕಾದ್ದು ಪರದೆ," ಎಂದು ತಮಗೆ ತಾವೇ ಹೇಳಿಕೊಂಡು ಗುಂಡಿ ಒತ್ತಿದರು.

ಸೆಪಾ ಇದನ್ನು ಕಂಡಳು. ಸೆಪಾ ಕಂಡದ್ದನ್ನು ಸಾಲೆಲ್ಲ ಕಾಣಲು ಎಷ್ಟು ಹೊತ್ತು? ತನ್ನ ಬೆರಳಿಗೂ ಕೆಂಪು ದೀಪವೇ ಗತಿಯೆಂದು ಅವಳಿಗೆ ಗೊತ್ತಿತ್ತು. "ಪಸಿತಾ, ಜೀವಮಾನವೆಲ್ಲ ನಿನ್ನ ಸೋಮಾರಿ ಕೈ ಅಂತ ಆಡಿಕೊಂಡೆ, ತಪ್ಪಾಯ್ತು. ಚಿನ್ನದಂಥ ಕೈ ಕಣೇ ನಿಂದು. ನಂಗೂ ಒಂಚೂರು ಕೊಡು," ಎಂದಳು. ಮೂವತ್ತು ವರ್ಷದ ಚುಚ್ಚುಮಾತು ಒಂದೇ ಉಸಿರಲ್ಲಿ ವಾಪಸಾದ ಆ ಖುಷಿಗೆ ಪಸಿತಾ ಹತ್ತು ಬೆರಳನ್ನೂ ಕೊಡುತ್ತಿದ್ದಳೇನೋ. ಸೆಪಾಳ ಹಿಂದೆ ಅವಳ ಅತ್ತಿಗೆ, ಅತ್ತಿಗೆಯ ಹಿಂದೆ ಇನ್ನೊಬ್ಬಳು. ಎಲ್ಲರೂ ಉಪ್ಪಿನ ಕೈಯವರು, ಎಲ್ಲರಿಗೂ ಕೆಂಪು, ಎಲ್ಲರ ಹೆಗಲ ಮೇಲಿಂದಲೂ ಪಸಿತಾಳ ತೋಳು. "ಮೊದಲು ಮುದುಕಿಯರದು ಆಗ್ಲಿ," ಎಂದು ಅವಳು ತನ್ನ ಸರದಿಯನ್ನು ಹಿಂದಕ್ಕೆ ಹಾಕುತ್ತಲೇ ಹೋದಳು. ಕಪಿತಾನ್ ಡೋರೊನ ತಾಯಿ, ಎಂಬತ್ತನಾಲ್ಕರ ತೊಮಾಸಾ ಅಜ್ಜಿ ಕೂಡ ಬಂದು ಕೂತಳು. ಡೋರೊ ಮೇಲೆ ಎಷ್ಟು ಸಿಟ್ಟಿದ್ದರೇನು, ಎಂಬತ್ತು ದಾಟಿದವಳಿಗೆ ಬೆರಳು ಇಲ್ಲವೆನ್ನಲು ಪಸಿತಾಳ ನಾಲಿಗೆ ಏಳಲಿಲ್ಲ.

ಕಚೇರಿ ಮುಚ್ಚುವ ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಅವಳ ಸ್ವಂತ ಸರದಿ ಬಂತು. ಬೆರಳಿಟ್ಟಳು, ಹಸಿರು ಹತ್ತಿತು.

"ಪುಂತಾದವರ ಬೆರಳು ಎಷ್ಟು ಚೆನ್ನಾಗಿವೆ! ಹನ್ನೆರಡು ಜನರದ್ದೂ ಒಂದೇ ಸಲಕ್ಕೆ ಬಂತು," ಎಂದರು ಮಿಸೆಸ್ ಅಬ್ರೆನಿಕಾ, ಯಾರ ಮುಖವನ್ನೂ ನೋಡದೆ.

ಮನಿಲಾದ ದೊಡ್ಡ ಯಂತ್ರ ಆ ಬೆರಳುಗಳನ್ನು ಜನವರಿಯಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿತು. ಹನ್ನೆರಡು ಮುಖ, ಹನ್ನೆರಡು ಸಹಿ, ಬೆರಳು ಮಾತ್ರ ಒಂದೇ. ಪಟ್ಟಣದ ಚುನಾವಣಾ ಕಚೇರಿಗೆ ಪತ್ರ ಬಂತು: ಪುಂತಾದ ಅಂಬ್ರೋಸಿಯೋ ಎಂಬ ವ್ಯಕ್ತಿ ಹನ್ನೊಂದು ಹೆಂಗಸರ ವೇಷದಲ್ಲಿ ಹನ್ನೊಂದು ಸಲ ಹೆಚ್ಚಿಗೆ ಹೆಸರು ಬರೆಸಿರುವಂತೆ ಕಾಣುತ್ತದೆ, ಕ್ರಮ ಕೈಗೊಂಡು ವರದಿ ಮಾಡಿ. ಅಂಬ್ರೋಸಿಯೋ ಎಂದರೆ ನಮ್ಮ ಅಂಬೋನೇ. ಅವನ ಹೆಸರು ಮೊದಲು ದಾಖಲಾಗಿದ್ದರಿಂದ ಬೆರಳಿನ ಒಡೆತನ ಅವನಿಗೆ ಹೋಗಿತ್ತು.

ಸುದ್ದಿ ಕೇಳಿ ಡೋರೊ ಕುಣಿದಾಡಿಬಿಟ್ಟ. ಎದುರಾಳಿಯನ್ನು ಚುನಾವಣೆಗೆ ಮುಂಚೆಯೇ ಜೈಲಿಗೆ ಕಳಿಸುವ ಅದೃಷ್ಟ ಎಷ್ಟು ಜನಕ್ಕೆ ಸಿಗುತ್ತದೆ? ಪಟ್ಟಿಯನ್ನು ಓದುವ ತಾಳ್ಮೆಯೂ ಇಲ್ಲದೆ ಅವತ್ತೇ ದೂರು ಬರೆದು ಕೊಟ್ಟ.

ವಿಚಾರಣೆ ಪುರಭವನದ ಮಹಡಿಯಲ್ಲಿ ನಡೆಯಿತು. ಮೇಜಿನ ಹಿಂದೆ ಚುನಾವಣಾ ಅಧಿಕಾರಿ ಅಟಾರ್ನಿ ಸುಮಿಲಾಂಗ್, ಅವರ ಎಡಕ್ಕೆ ಶಾಲೆಗಳ ಮೇಲ್ವಿಚಾರಕಿ, ಬಲಕ್ಕೆ ಜನನ ಮರಣ ಬರೆಯುವ ಅಧಿಕಾರಿ. ಎಡ ಬಲದವರು ನಡುವಿನವರು ಕೆಮ್ಮಿದಾಗ ಕೆಮ್ಮುತ್ತಿದ್ದರು. ಎದುರು ಬೆಂಚಿನಲ್ಲಿ ಹನ್ನೆರಡು ಜನ ಆರೋಪಿಗಳು ಭಾನುವಾರದ ಬಟ್ಟೆ ಹಾಕಿಕೊಂಡು ಕೂತಿದ್ದರು. ಡೋರೊ ಇನ್ನೊಂದು ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ತಾಯಿ ಆರೋಪಿಗಳ ಬೆಂಚಿನಲ್ಲಿ ಕೂತದ್ದನ್ನು ಕಂಡು, ಮುದುಕಿ ಜಾಗ ತಪ್ಪಿ ಕೂತಿದ್ದಾಳೆ ಎಂದುಕೊಂಡಿದ್ದ.

ಅಟಾರ್ನಿ ಹೆಸರುಗಳನ್ನು ಓದಿದರು. ಏಳನೆಯದು ತೊಮಾಸಾ ವಿಲ್ಯಾರೂಸ್, ವಯಸ್ಸು ಎಂಬತ್ತನಾಲ್ಕು.

ಡೋರೊನ ಮೇಲಿನ ಕಾಲು ಕೆಳಗೆ ಬಂತು.

"ಅಮ್ಮ, ನೀನೂನಾ?"

"ನಿಂಗೇ ಓಟು ಹಾಕೋಕೆ ಅಂತ ಹೋಗಿದ್ದೆ ಕಣೋ ಮೂದೇವಿ! ನನ್ನ ಮೇಲೇ ದೂರು ಕೊಟ್ಟಿದೀಯಂತೆ? ಒಂಬತ್ತು ತಿಂಗಳು ಹೊತ್ತಿದ್ದಕ್ಕೆ ಆರು ವರ್ಷ ಜೈಲಾ?"

ಆಮೇಲೆ ಯಾವುದೂ ಸುಲಭವಾಗಿ ಸಾಗಲಿಲ್ಲ. ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಡೋರೊ ತೊದಲಿದ. ದೂರು ಹೋದರೂ ಮನಿಲಾದ ಪತ್ರ ಹೋಗುವುದಿಲ್ಲವಲ್ಲ ಎಂದರು ಅಟಾರ್ನಿ. ಈ ಹನ್ನೆರಡು ಮುಖ ಬೇರೆ ಬೇರೆ ಎಂದು ತಮ್ಮ ಕಣ್ಣಿಗೇ ಕಾಣುತ್ತಿದೆ ಎಂದು ಶಾಲೆಯ ಮೇಲ್ವಿಚಾರಕಿ ಸಣ್ಣ ದನಿಯಲ್ಲಿ ಹೇಳಿದರು.

"ಮುಖ ಮೋಸ ಮಾಡಬಹುದು ಮೇಡಂ, ಬೆರಳು ಮಾಡಲ್ಲ. ಹಾಗಂತ ಕೈಪಿಡಿಯಲ್ಲೇ ಇದೆ," ಎಂದರು ಅಟಾರ್ನಿ. ಹೀಗೆಂದು ತಿಂಡಿಗೆ ಬಿಡುವು ಕೊಟ್ಟರು. ನಮ್ಮಲ್ಲಿ ಯಾವ ಕಗ್ಗಂಟೂ ತಿಂಡಿಯಿಲ್ಲದೆ ಬಿಚ್ಚಿದ ಇತಿಹಾಸವಿಲ್ಲ. ಅಕ್ಕಿಯ ಸಿಹಿ ಕಡುಬು ಬಂತು, ಕಾಫಿ ಬಂತು. ಆರೋಪಿಗಳೂ ದೂರುದಾರನೂ ಮಂಡಳಿಯೂ ಒಂದೇ ತಟ್ಟೆಗೆ ಕೈ ಹಾಕಿದರು.

ಎರಡನೆಯ ಕಡುಬು ಮುಗಿಸಿದಾಗ ಅಟಾರ್ನಿಗೆ ದಾರಿ ಹೊಳೆಯಿತು. ಮನಿಲಾದವರಿಗೆ ಬೇಕಾದದ್ದು 'ಕ್ರಮ ಕೈಗೊಳ್ಳಲಾಗಿದೆ' ಎಂಬ ಒಂದು ಸಾಲು. ಎಷ್ಟು ಹೆಸರು ತೆಗೆಯಬೇಕೆಂದು ಪತ್ರದಲ್ಲಿ ಬರೆದಿಲ್ಲ. ಒಂದು ಹೆಸರು ತೆಗೆದರೂ ಕ್ರಮ ಕ್ರಮವೇ. ಉಳಿದ ಹನ್ನೊಂದನ್ನು ಯಂತ್ರದ ದೋಷ ಎಂದು ಬರೆದರಾಯಿತು.

"ಯಾರದ್ದು ತೆಗೀತೀರಿ?" ಎಂದಳು ಸೆಪಾ.

"ಕೊನೆಗೆ ಬಂದವರದ್ದು. ಅದೇ ಪದ್ಧತಿ." ಅಟಾರ್ನಿ ಪಟ್ಟಿಯ ಕೆಳಗೆ ಬೆರಳಿಟ್ಟರು. "ಪಸಿತಾ ಮಲಬನನ್."

ಪಸಿತಾ ಎದ್ದು ನಿಂತಳು. ಸತ್ತವರಿಗಾಗಿ ಸ್ವರ್ಗದ ಬಾಗಿಲು ಬಡಿದು ಪಳಗಿದ ದನಿ ಅದು. "ಬೆರಳು ನಂದು ಅಟಾರ್ನಿ ಸಾರ್! ಹನ್ನೆರಡರಲ್ಲಿ ನಿಜವಾದದ್ದು ನಂದೊಂದೇ. ನಂದೇ ತೆಗೆಯೋದು ಯಾವ ನ್ಯಾಯ?"

ಅಟಾರ್ನಿ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮೆತ್ತಗೆ ಹೇಳಿದರು. "ಅಕ್ಕ, ಈ ಮಾತನ್ನ ನಾನಿನ್ನೂ ಬರೆದುಕೊಂಡಿಲ್ಲ. ಬೆರಳು ನಿಮ್ದು ಅಂತ ಬರೆದೆ ಅನ್ನಿ, ಉಳಿದ ಹನ್ನೊಂದೂ ಸುಳ್ಳಾಗುತ್ತೆ. ನಿಮ್ಮ ಯಜಮಾನರ ಹೆಸರು ಹೋಗುತ್ತೆ, ಅವರು ಎಲೆಕ್ಷನ್‌ಗೆ ನಿಲ್ಲೋ ಹಾಗಿಲ್ಲ. ಇನ್ನು ಬೆರಳು ಕೊಟ್ಟೋರಿಗೂ ಇಸಕೊಂಡೋರಿಗೂ ಒಂದರಿಂದ ಆರು ವರ್ಷ. ಈಗ ಹೇಳಿ, ಬರೀಲಾ?"

ಕೋಣೆಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಡೋರೊ ಕೂಡ ಕೈಮುಗಿಯುವ ಮುಖ ಮಾಡಿಕೊಂಡಿದ್ದ. ಅಂಬೋ ಪಕ್ಕಕ್ಕೆ ಬಂದು ಅವಳ ಕಿವಿಯಲ್ಲಿ ಹೇಳಿದ.

"ಬೆರಳು ನಿಂದೇ ಅಂತ ಬರೆಸು ಪಸಿ. ನಾನು ನಿಲ್ಲೋದೇ ಬೇಡ. ನೀನು ಈ ಮೂರು ವರ್ಷದಿಂದ ನಿದ್ದೇಲೂ ಓಟು ಓಟು ಅಂತಿರೋದು ನಂಗೊತ್ತಿಲ್ವಾ?"

"ನೀನೇ ನಿಲ್ಲದಿದ್ದ ಮೇಲೆ ನಾನು ಯಾರ ಹೆಸರು ಬರೀಲಿ? ಡೋರೊನ ಹೆಸರಾ?" ಎಂದು ಅವಳು ರೇಗಿದಳು.

ಹತ್ತು ಮುದಿ ಹೆಂಗಸರು ಬೆಂಚಿನ ಮೇಲೆ ಕಡುಬಿನ ತಟ್ಟೆ ಹಿಡಿದು ಕೂತಿದ್ದರು. ತೊಮಾಸಾ ಅಜ್ಜಿಗೆ ವಿಷಯ ಪೂರ್ತಿ ಕೇಳಿಸಿರಲಿಲ್ಲ, ಎಲ್ಲ ಸರಿಹೋಯಿತೆಂದುಕೊಂಡು ನಗುತ್ತಿದ್ದಳು. ಪಸಿತಾ ಅವರನ್ನು ಒಬ್ಬೊಬ್ಬರಾಗಿ ನೋಡಿದಳು. ಅವರಲ್ಲಿ ಕಡಿಮೆಯೆಂದರೂ ಆರು ಜನ ಪ್ರತಿ ಸಲ ಡೋರೊನ ಅಕ್ಕಿ ಚೀಲ ಇಸಿದುಕೊಂಡು ಅವನಿಗೇ ಓಟು ಹಾಕುವವರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಆರು ಓಟನ್ನು ಉಳಿಸಲು ತನ್ನ ಒಂದನ್ನು ಬಿಡಬೇಕಿತ್ತು. ಇಂಥ ಲೆಕ್ಕ ಹಾಕಿಸುವ ದೇವರ ಮೇಲೆ ಅವಳಿಗೆ ಬಂದ ಕೋಪ ಅಷ್ಟಿಷ್ಟಲ್ಲ.

"ಎಲ್ಲಿ ಸಹಿ ಹಾಕಲಿ?" ಎಂದಳು.

ಕಾಗದ ಸಿದ್ಧವಾಯಿತು. ಪಸಿತಾ ಮಲಬನನ್ ಆದ ನಾನು, ಸದರಿ ದಾಖಲೆಯಲ್ಲಿರುವ ಬೆರಳುಗಳು ನನ್ನವಲ್ಲವೆಂದು, ನನ್ನ ಹೆಸರು ತಪ್ಪಾಗಿ ಸೇರಿದೆಯೆಂದು ಪ್ರಮಾಣ ಮಾಡಿ ಹೇಳುತ್ತೇನೆ. ಅವಳು ಸಹಿ ಮಾಡಿದಳು. ಅಟಾರ್ನಿ ಶಾಯಿಯ ಡಬ್ಬಿಯನ್ನು ಅವಳ ಕಡೆ ನೂಕಿದರು.

"ಇದೇನು?"

"ಬರೀ ಸಹಿ ಇದ್ರೆ ಪ್ರಮಾಣಪತ್ರ ನಡೆಯಲ್ಲ ಅಕ್ಕ. ಹೇಳಿದ್ದು ನೀವೇ ಅನ್ನೋದಕ್ಕೆ ಹೆಬ್ಬೆಟ್ಟು ಬೇಕು."

ಬೆರಳು ತನ್ನದಲ್ಲ ಎಂಬ ಮಾತಿನ ಕೆಳಗೆ ಪಸಿತಾ ಅದೇ ಬೆರಳನ್ನು ಒತ್ತಿದಳು. ಒಂದು ಗೆರೆಯೂ ತಪ್ಪದ ಹಾಗೆ ಮೂಡಿತು. ಮಂಡಳಿಯ ಮೂವರೂ ಅದನ್ನು ನೋಡಿ, ಚೆನ್ನಾಗಿ ಬಂದಿದೆ ಎಂದು ತಲೆಯಾಡಿಸಿ ಮೊಹರು ಹಾಕಿದರು.

ಮೆಟ್ಟಿಲ ಕೆಳಗೆ ಹತ್ತು ಹೆಂಗಸರೂ ಅವಳನ್ನು ಸುತ್ತಿಕೊಂಡರು. ಋಣ ಎಂಬುದನ್ನು ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತೊಮಾಸಾ ಅಜ್ಜಿಗೆ ಸೆಪಾ ಕಿವಿಯಲ್ಲಿ ಕೂಗಿ ವಿಷಯ ತಿಳಿಸಿದ್ದಳು. ಅಜ್ಜಿ ಪಸಿತಾಳ ಕೈ ಹಿಡಿದುಕೊಂಡಳು.

"ಬೆರಳು ನಿಂದಾದ ಮೇಲೆ ಓಟೂ ನಿಂದೇ ಅಲ್ವಾ ಮಗಳೇ? ಯಾರ ಹೆಸರು ಬರೀಲಿ ಹೇಳು."

ಸ್ವಂತ ಮಗನ ಎದುರಾಳಿಯ ಹೆಂಡತಿಯನ್ನು ಹೀಗೆ ಕೇಳಿದಳು! ಉಳಿದ ಒಂಬತ್ತು ಜನವೂ, "ಹೂಂ, ನೀನೇ ಹೇಳು, ನೀನೇ ಹೇಳು," ಎಂದರು. ಪಸಿತಾಳಿಗೆ ಒಂದು ಗಳಿಗೆ ಎಂಥದೋ ಅಮಲು ಏರಿತು. ಡೋರೊಗೆ ಇಷ್ಟು ವರ್ಷ ಆ ಕುರ್ಚಿಯ ರುಚಿ ಯಾಕೆ ಬಿಡಲಿಲ್ಲ ಎಂದು ಆಗ ಅರ್ಥವಾಯಿತು. ನಾಚಿಕೆ ಬಿಟ್ಟು, "ಅಂಬೋನ ಹೆಸರು ಬರೀರಿ," ಎಂದಳು. ಹತ್ತು ತಲೆಗಳೂ ಜೋರಾಗಿ ಆಡಿದವು. ಅಂಬೋ ಮಾತ್ರ ದೂರ ನಿಂತು ಕಡಲ ಕಡೆ ನೋಡುತ್ತಿದ್ದ.

ಚುನಾವಣೆಯ ದಿನ ಊರಿನಲ್ಲಿ ಯಾರ ಮನೆಯಲ್ಲೂ ಸಾವಾಗಿರಲಿಲ್ಲ. ಪಸಿತಾ ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಹೊಸ ಉಡುಪು ಹಾಕಿಕೊಂಡು ಅಂಬೋನ ಜೊತೆ ಶಾಲೆಯವರೆಗೆ ಹೋದಳು. ಗೇಟಿನ ಒಳಗೆ ಅಂಬೋ ಹೋದ, ಅವಳು ಹೊರಗೆ ಬಾದಾಮಿ ಮರದ ಕೆಳಗೆ ಕೂತಳು. ಹತ್ತು ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು, ಶಾಯಿ ಹಚ್ಚಿದ ಬೆರಳನ್ನು ಅವಳಿಗೆ ತೋರಿಸಿ, ಕಣ್ಣು ಮಿಟುಕಿಸಿ ಹೋದರು. ಡೋರೊನ ಅಕ್ಕಿ ಚೀಲ ಈ ಸಲ ಹತ್ತು ಕಿಲೋ ಆಗಿತ್ತೆಂದು ಅವಳು ಆ ವಾರ ಕೇಳಿದ್ದಳು. ಆಚೆ ಊರುಗಳಿಂದ ಎರಡು ಲಾರಿ ತುಂಬ ಜನ ಇಳಿದು, ಪುಂತಾದ ವಿಳಾಸ ಹೇಳಿ, ತಮ್ಮ ತಮ್ಮ ಸ್ವಂತ ಬೆರಳಿನಿಂದಲೇ ಓಟು ಹಾಕಿ ಹೋದರು. ಅವರ ಬೆರಳನ್ನು ಯಂತ್ರ ಒಪ್ಪಿತ್ತು, ಹಸಿರು ದೀಪವೇ ಹತ್ತಿತ್ತು, ಯಾರೂ ಏನೂ ಕೇಳುವ ಹಾಗಿರಲಿಲ್ಲ.

ಸಂಜೆ ಶಾಲೆಯ ಕರಿಹಲಗೆಯ ಮೇಲೆ ಐದೈದು ಗೀಟು ಎಳೆದು ಎಣಿಸಿದರು. ಮಾಸ್ತರು ಒಂದೊಂದೇ ಚೀಟಿ ಬಿಡಿಸುತ್ತ ಹೆಸರು ಓದುತ್ತಿದ್ದರು. ಪಸಿತಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಡೋರೊಗೆ ಮುನ್ನೂರ ಎರಡು, ಅಂಬೋಗೆ ನೂರ ಎಂಬತ್ತೊಂದು. ಮೆಟ್ಟಿಲ ಕೆಳಗೆ ಆಡಿದ ಹತ್ತು ತಲೆಗಳಲ್ಲಿ ಎಷ್ಟು ಆ ನೂರ ಎಂಬತ್ತೊಂದರಲ್ಲಿದ್ದವೋ ದೇವರೇ ಬಲ್ಲ.

ಊರಿಗೆಲ್ಲ ಅವಳ ಮೇಲೆ ಒಮ್ಮೆಲೇ ಕರುಣೆ ಉಕ್ಕಿತು. ಮೂರು ವರ್ಷ ಒಂದು ಓಟಿಗಾಗಿ ಹಂಗಿಸಿದವರೇ ಈಗ ಕಿಟಕಿಯ ಬಳಿ ಬಂದು ಬೆನ್ನು ತಟ್ಟಿದರು. ಸೆಪಾ ಎಲ್ಲರಿಗಿಂತ ಮುಂದೆ ಬಂದು, "ನೋಡ್ದಾ ಪಸಿತಾ, ಈ ಸಲ ನಿನ್ನ ತಪ್ಪೇನೂ ಇಲ್ಲ ಬಿಡು. ನೂರಿಪ್ಪತ್ತೊಂದು ಕಮ್ಮಿ ಬಿದ್ದಿದೆ. ನಿಂದೊಂದು ಇದ್ದಿದ್ರೂ ಏನೂ ಆಗ್ತಿರಲಿಲ್ಲ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅಂಬೋ ಕೂಡ ಹೊರಗೆ ಬಂದು, "ನಡಿ ಪಸಿ, ಮನೆಗೆ ಹೋಗೋಣ. ಏನೂ ಆಗ್ತಿರಲಿಲ್ಲ," ಎಂದ.

ಪಸಿತಾ ಸರಳು ಬಿಡಲಿಲ್ಲ. ಒಳಗೆ ಮಾಸ್ತರು ಒರೆಸುವ ಬಟ್ಟೆ ಕೈಗೆತ್ತಿಕೊಂಡಿದ್ದರು. ಅಂಬೋನ ಹೆಸರಿನ ಮುಂದೆ ಐದೈದರ ಕಟ್ಟುಗಳೆಲ್ಲ ಮುಗಿದು ಕೊನೆಗೆ ಒಂಟಿ ಗೀಟೊಂದು ನಿಂತಿತ್ತು. ಅವಳಿಗೆ ಆಗ ಅಳು ಬಂತು. ಮೂರು ವರ್ಷದ ಹಿಂದೆ ಗಂಡ ಸೋತ ದಿನ ಬಾರದಿದ್ದ ಅಳು, ಹೆಬ್ಬೆಟ್ಟು ಒತ್ತಿದ ದಿನ ತಡೆದಿಟ್ಟಿದ್ದ ಅಳು, ಈಗ ಊರೆಲ್ಲ ನೋಡುತ್ತಿರುವಾಗ ಬಂತು.

"ಏನೂ ಆಗ್ತಿರಲಿಲ್ಲ ಅಂತ ನಂಗೂ ಗೊತ್ತು ಅಂಬೋ," ಎಂದಳು. "ಆದ್ರೆ ಅಲ್ಲಿ ಎರಡು ಗೀಟು ಇರ್ತಿತ್ತು."